ಬಾಯ್ಲರಿನವರು ಹೇಳಿದ ಅಣ್ಣನ ಕಥೆ

ಫೆಬ್ರವರಿ 6

ಅಣ್ಣ,

ಜ್ವರ ಇಳಿಯಿತೇ? ಶನಿವಾರ ನೀನು ಬರುವುದಿಲ್ಲವೆಂದು ನಿಮ್ಮ ಸೆಂಟರಿನಿಂದ ಫೋನು ಬಂದಾಗ ನಾವು ಶಾಲೆಯ ಸಭಾಂಗಣದಲ್ಲಿ ಕುರ್ಚಿ ಹಾಕಿ ಮುಗಿಸಿದ್ದೆವು. ವೇದಿಕೆಯ ಮೇಲಿದ್ದ ನಿನ್ನ ಕುರ್ಚಿಯನ್ನು ತೆಗೆದುಬಿಡು ಎಂದರು ಸಭೆ ನಡೆಸುವ ಸಂಸ್ಥೆಯ ಮೇಡಂ. ತೆಗೆದೆ. ಕುಡಿತ ಬಿಡಿಸುವವರು ಒಳಗಿದ್ದವರ ಕೈಗೆ ಫೋನು ಕೊಡುವುದಿಲ್ಲವಂತೆ, ಅದಕ್ಕೆ ಈ ಕಾಗದ. ಎದುರು ಕೂತು ಮಾತಾಡುವುದಕ್ಕಿಂತ ಬರೆಯುವುದು ನನಗೆ ಸುಲಭವೆಂದು ನಿನಗೆ ಗೊತ್ತೇ ಇದೆ.

ಎರಡು ವರ್ಷದಲ್ಲಿ ಮೊದಲ ಸಲ ರೈಲು ಹಳಿಯ ಈಚೆಯವರೂ ಆಚೆಯವರೂ ಒಂದೇ ಸೂರಿನಡಿ ಕೂತರು. ನಮ್ಮವರು ಕಿಟಕಿ ಕಡೆ, ಅವರು ಗೋಡೆ ಕಡೆ, ನಡುವೆ ಲಾರಿ ಹೋಗುವಷ್ಟು ಜಾಗ. ಮೇಡಂ ಎದ್ದು ನಿಯಮ ವಿವರಿಸಿದರು. ಈಚೆಯ ಒಬ್ಬರು, ಆಚೆಯ ಒಬ್ಬರು, ಚೀಟಿ ಎತ್ತಿ ಜೋಡಿ ಮಾಡಿದ್ದೇವೆ. ಬಾಗಿಲು ಹಾಕಿದ ಕೋಣೆಯಲ್ಲಿ ಅವರು ಒಬ್ಬರಿಗೊಬ್ಬರು ತಮ್ಮ ಬದುಕನ್ನು ಹೇಳಿಕೊಂಡಿದ್ದಾರೆ. ಈಗ ಇಲ್ಲಿ ಹೇಳುವುದು ತಮ್ಮದನ್ನಲ್ಲ, ಜೊತೆಗಾರರದನ್ನು. ಆದರೆ ತಮ್ಮದೇ ಎಂಬಂತೆ, ‘ನಾನು’ ಎಂದೇ ಹೇಳುತ್ತಾರೆ. ಹೆಸರು, ಹುದ್ದೆ ಹೇಳುವ ಹಾಗಿಲ್ಲ. ಯಾವುದು ಯಾರ ಕಥೆಯೆಂದು ಎಂದಿಗೂ ಹೊರಗೆ ಬಿಡುವ ಹಾಗಿಲ್ಲ. ಇಷ್ಟು ಹೇಳುವಾಗ ಅರ್ಧ ಜನ ಇನ್ನೂ ಬಾಗಿಲಲ್ಲಿ ನಿಂತು ಜಾಗ ಹುಡುಕುತ್ತಿದ್ದರು, ಆ ಗದ್ದಲದಲ್ಲಿ ಕೇಳಿಸಿದ್ದು ಸ್ವಲ್ಪ ಜನಕ್ಕೆ.

ಆಮೇಲೆ ಬಾಯ್ಲರಿನವರು ಎದ್ದರು. ನಿಮ್ಮ ಲಾಂಡ್ರಿಯ ಬಾಯ್ಲರ್ ಒಡೆದು ಬಟ್ಟೆ ಮಡಿಸುವ ಅಕ್ಕನ ಮೈ ಬೆಂದಾಗ, ಕೆಲಸವನ್ನೂ ಪರವಾನಗಿಯನ್ನೂ ಕಳೆದುಕೊಂಡವರು. ಆ ವಾರ ನಮ್ಮ ಬೀದಿಯವರು ಹಳಿ ದಾಟಿ ಹೋಗಿ ಕಿಟಕಿ ಒಡೆದದ್ದು, ಮರುದಿನ ಅವರು ಬಂದು ನಮ್ಮ ಕಿಟಕಿ ಒಡೆದದ್ದು ಇವರ ಹೆಸರಿನಲ್ಲೇ. ಮೂರನೆಯ ಸಾಲಿನಲ್ಲಿ ಮಡಿಸುವ ಅಕ್ಕ ಕೂತಿದ್ದಳು, ತೋಳು ಮುಚ್ಚುವ ಅಂಗಿ ಹಾಕಿಕೊಂಡು.

“ನೀರು ಕಮ್ಮಿ ಆದ್ರೆ ಹೊಡ್ಕೊಳ್ಳೋ ಗಂಟೆ ಅದು,” ಎಂದರು ಅವರು. “ನಾನು ಕುಡಿದಿದ್ದೆ. ತಲೆ ಸಿಡೀತಿತ್ತು. ಕೊರಳಲ್ಲಿದ್ದ ಅಪ್ಪನ ಮಫ್ಲರ್ ಬಿಚ್ಚಿ ಗಂಟೆಗೂ ಸುತ್ತಿಗೆಗೂ ನಡುವೆ ತುರುಕ್ದೆ. ಕಂದು ಮಫ್ಲರು, ತುದೀಲಿ ಸಿಗರೇಟು ಸುಟ್ಟ ತೂತು. ಗಂಟೆ ಸುಮ್ನಾಯ್ತು. ನಂಗೆ ಅಷ್ಟೇ ಬೇಕಿತ್ತು.”

ಅಪ್ಪ ಹೋದ ಮೇಲೆ ಆ ಮಫ್ಲರ್ ನಿನ್ನ ಕೊರಳಲ್ಲಿರುತ್ತಿತ್ತು. ಬಸ್ಸಿನಲ್ಲಿ ಬಿಟ್ಟುಬಂದೆ ಎಂದಿದ್ದೆ. ಅಣ್ಣ, ಮುಂದಿನ ಪ್ರಶ್ನೆ ಕೇಳಲು ನನಗೆ ಬರುತ್ತಿಲ್ಲ. ನೀನೇ ಉತ್ತರ ಬರೆ.

ಅವರ ಅರ್ಧ ಗಂಟೆಯ ಮಾತನ್ನು ನಾನು ಸಂಸ್ಥೆಗಾಗಿ ರೆಕಾರ್ಡ್ ಮಾಡಿ ಒಂಬತ್ತು ನಿಮಿಷಕ್ಕೆ ಇಳಿಸಿದ್ದೇನೆ. ಫೋನಿನಿಂದ ಫೋನಿಗೆ ಹೋಗುತ್ತಿದೆ. ನಾನು ಸಾಹಿತ್ಯ ಓದಿದ್ದು ದಂಡವಾಗಲಿಲ್ಲ ಎಂದರು ಮೇಡಂ.

ನಿನ್ನ ತಂಗಿ


ಫೆಬ್ರವರಿ 19

ಇಲಿಮರಿ,

ನಿನ್ನ ಕಾಗದ ಒಡೆದೇ ಬಂತು. ಇಲ್ಲಿ ಎಲ್ಲ ಕಾಗದವನ್ನೂ ಮೊದಲು ವಾರ್ಡನ್ ಓದುತ್ತಾನೆ, ಒಳಗೆ ಪುಡಿ ಗಿಡಿ ಇದೆಯಾ ಅಂತ. ‘ನಿಮ್ ತಂಗಿ ಚೆನ್ನಾಗ್ ಬರೀತಾರೆ ಸಾರ್’ ಅಂದ. ಅವನಿಗಿಂತ ಒಳ್ಳೆ ಓದುಗ ನಿನಗೆ ಸಿಗಲಿಕ್ಕಿಲ್ಲ, ಸಂಬಳ ತಗೊಂಡು ಓದುತ್ತಾನೆ.

ಹೌದು. ಅಪ್ಪನ ಮಫ್ಲರೇ.

ಇಲ್ಲಿಂದ ಒಂದು ದಿನಕ್ಕೆ ಕಳಿಸಿದ್ದರಲ್ಲ, ಆವತ್ತು ಚೀಟಿ ಎತ್ತಿ, ಕೋಣೆಯಲ್ಲಿ ಕೂತು ಕಾಯುತ್ತಿದ್ದೆ. ಬಾಗಿಲು ತೆಗೆದು ಒಳಗೆ ಬಂದವನು ಅವನು. ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಜಗ್ ನೀರು. ಓಡಿಹೋಗೋಣ ಅಂದರೆ ಬಾಗಿಲಲ್ಲಿ ಅವನೇ ನಿಂತಿದ್ದಾನೆ. ‘ನೀವೇ ಮೊದ್ಲು ಹೇಳಿ ಸೂಪರ್‌ವೈಸರ್ ಸಾಹೇಬ್ರೆ, ದೊಡ್ಡೋರು’ ಅಂದ. ನನಗಿಂತ ಎಂಟು ವರ್ಷಕ್ಕೆ ದೊಡ್ಡವನು. ಹೇಳಿದೆ. ಎರಡು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನೆಲ್ಲ ಕಕ್ಕಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: ‘ಗಂಟೆ ಎಷ್ಟೊತ್ತು ಹೊಡ್ಕೊಂಡಿತ್ತು, ನೀವು ಅದ್ರ ಬಾಯಿ ಮುಚ್ಚೋ ಮುಂಚೆ?’ ಗೊತ್ತಿಲ್ಲ ಅಂದೆ. ತಲೆ ಆಡಿಸಿದ.

ಆ ದಿನ ನಾನು ಹೊಟ್ಟೆ ತುಂಬ ಉಂಡೆ, ನಿದ್ದೆ ಬಂತು. ಇಲ್ಲಿನ ಡಾಕ್ಟರು ‘ಇನ್ನು ನೀವು ಹಗುರ’ ಅಂದರು. ಕುಡಿತ ಬಿಟ್ಟು ಎಪ್ಪತ್ತೆಂಟು ದಿನ. ಯಾರ ಮುಂದೆ ಹೇಳಬೇಕಿತ್ತೋ ಅವನ ಮುಂದೆಯೇ ಹೇಳಿಬಿಟ್ಟೆನಲ್ಲ, ಇನ್ನೇನು ಬೇಕು?

ಜ್ವರ ಬಂದದ್ದು ನಿಜ. ಶಾಲೆಯಲ್ಲಿ ಕಂಕುಳಿಗೆ ಈರುಳ್ಳಿ ಇಟ್ಟುಕೊಳ್ಳುತ್ತಿದ್ದೆನಲ್ಲ, ಅಂಥದ್ದಲ್ಲ. ನಿನ್ನ ಅತ್ತಿಗೆಗೆ ಇದನ್ನೆಲ್ಲ ಹೇಳಬೇಡ.

ಅಣ್ಣ


ಮಾರ್ಚ್ 17

ಅಣ್ಣ,

ನಿನ್ನ ಕಾಗದಕ್ಕೆ ಏನು ಬರೆಯಬೇಕೋ ತಿಳಿಯದೆ ಮೂರು ಸಲ ಬರೆದು ಹರಿದೆ. ಈಗ ಬರೆಯಲೇಬೇಕಾಗಿದೆ.

ಬಾಯ್ಲರಿನವರು ಪರವಾನಗಿ ವಾಪಸು ಕೊಡಿರೆಂದು ಹಾಕಿದ್ದ ಅರ್ಜಿ ನಿನ್ನೆ ವಿಚಾರಣೆಗೆ ಬಂತು. ಆ ಪರವಾನಗಿ ಚೀಟಿಯಿಲ್ಲದೆ ಯಾವ ಊರಿನ ಯಾವ ಬಾಯ್ಲರನ್ನೂ ಅವರು ಮುಟ್ಟುವ ಹಾಗಿಲ್ಲ. ಇಪ್ಪತ್ತಾರು ವರ್ಷ ಮಾಡಿದ ಕೆಲಸ. ನನ್ನನ್ನೂ ಕರೆಸಿದ್ದರು. ಯಾಕೆಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಲಾಂಡ್ರಿಯ ವಕೀಲರು ಫೋನು ತೆಗೆದು ಮೇಜಿನ ಮೇಲಿಟ್ಟು ಒಂದು ಗುಂಡಿ ಒತ್ತಿದರು. “ನಾನು ಕುಡಿದಿದ್ದೆ. ತಲೆ ಸಿಡೀತಿತ್ತು…” ನಾನು ಕತ್ತರಿಸಿ ಅಂಟಿಸಿದ ಒಂಬತ್ತು ನಿಮಿಷ.

ಮೇಡಂ ನಿಯಮ ವಿವರಿಸಿದ ಭಾಗ ಅದರಲ್ಲಿಲ್ಲ. ಕಥೆಯ ಬಾಗಿಲಲ್ಲೇ ಭಾಷಣ ಬೇಡವೆಂದು ನಾನೇ ತೆಗೆದಿದ್ದೆ. ಉಳಿದದ್ದನ್ನು ಅಳಿಸಿ, ರೆಕಾರ್ಡರಿನ ಅದೇ ಕಾರ್ಡಿನಲ್ಲಿ ಮುಂದಿನ ವಾರದ ಸಭೆಯನ್ನು ತುಂಬಿದ್ದೆ.

“ಇದು ಈತನ ಧ್ವನಿಯೇ?” ಎಂದರು ಅಧಿಕಾರಿ.

“ಹೌದು. ಆದ್ರೆ ಅದು—”

“ಕೇಳಿದ್ದಕ್ಕಷ್ಟೇ ಉತ್ತರ ಕೊಡಿಯಮ್ಮ.”

ನಾನು ಕೂತೆ. ಅಣ್ಣ, ಕೂತುಬಿಟ್ಟೆ. ಅಧಿಕಾರಿ ಬಾಯ್ಲರಿನವರ ಕಡೆ ತಿರುಗಿದರು. “ಇದು ನನ್ ಕಥೆ ಅಲ್ಲ ಸಾಮಿ, ಅಲ್ಲಿ ಹೇಳೋ ಕ್ರಮ ಹಾಗೆ,” ಎಂದರು ಅವರು. ವಕೀಲರು ನಕ್ಕರು. “ಹಾಗಾದ್ರೆ ಯಾರದ್ದಪ್ಪ?” ಬಾಯ್ಲರಿನವರು ನನ್ನ ಕಡೆ ನೋಡಲಿಲ್ಲ. “ಹೊರಗೆ ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ.” ಬರೆದುಕೊಳ್ಳುವವನು ಪೆನ್ನೆತ್ತಿ ಅವರನ್ನೇ ನೋಡಿದ. ಇನ್ನು ಬರೆಯುವುದೇನೂ ಇಲ್ಲವೆಂಬಂತೆ ಪೆನ್ನಿನ ಮುಚ್ಚಳ ಹಾಕಿದ.

ಆಮೇಲೆ ಅಂಗಳದಲ್ಲಿ ಕೇಳಿದೆ, ಯಾಕೆ ಹೇಳಲಿಲ್ಲವೆಂದು. “ಎರಡು ವರ್ಷದ ಹಿಂದೆ ನಂಗೆ ಗೊತ್ತಿದ್ದಷ್ಟು ಹೇಳಿದ್ದೆನಲ್ಲ ತಾಯಿ, ಹೆಸರು ಹಿಡಿದೇ. ಆಗ ನಂಬಿದ್ರಾ?” ಎಂದರು.

ಏಪ್ರಿಲ್ 30ರ ತನಕ ಅವಕಾಶವಿದೆ. ಆ ಕಥೆ ತನ್ನದೆಂದು ಯಾರಾದರೂ ಬರೆದು ಸಹಿ ಹಾಕಿಕೊಟ್ಟರೆ ನೋಡುತ್ತಾರಂತೆ. ಬರೆಯಬಲ್ಲವನು ನೀನೊಬ್ಬನೇ.

ತಂಗಿ


ಮಾರ್ಚ್ 29

ಇಲಿಮರಿ,

ನೀನು ಬಾಗಿಲ ಭಾಷಣ ಕತ್ತರಿಸಿದೆ, ನಾನು ಗಂಟೆಯ ಬಾಯಿ ಮುಚ್ಚಿದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು.

ಲಾಂಡ್ರಿಯವರು ಕಳೆದ ತಿಂಗಳು ಬಂದು ಹೋದರು. ಇಲ್ಲಿಂದ ಚೆನ್ನಾಗಿದ್ದಾನೆ ಅಂತ ಚೀಟಿ ತಂದರೆ ಸ್ಟೋರಿನಲ್ಲಿ ಕೂತು ಮಾಡುವ ಕೆಲಸ ಕೊಡುತ್ತಾರಂತೆ. ಅತ್ತಿಗೆ ಮೊದಲ ಸಲ ನಕ್ಕಿದ್ದಾಳೆ. ಮಗಳು ನನ್ನ ಪಕ್ಕ ಬಂದು ಕೂತಳು, ಮೂಸಿ ನೋಡದೆ. ಈಗ ನಾನು ಬರೆದುಕೊಟ್ಟರೆ ಇದೆಲ್ಲ ನೆಲ ಸೇರುತ್ತದೆ. ಅವನು ಹೇಗೋ ಎರಡು ವರ್ಷ ಸ್ಟೌವ್ ರಿಪೇರಿ ಮಾಡಿಕೊಂಡು ಸಂಸಾರ ತೂಗಿಸಿದ್ದಾನಲ್ಲ. ಹಳಿಯಾಚೆಯವರು ಗಟ್ಟಿ ಜನ.

ಈ ಸಾಲು ಬರೆದು ನಾನೇ ಓದಿಕೊಂಡೆ. ಹೊಡೆದುಹಾಕೋಣ ಅನ್ನಿಸಿತು. ಇರಲಿ, ನಿನ್ನ ಅಣ್ಣ ಎಂಥವನು ಅಂತ ನಿನಗೂ ಗೊತ್ತಿರಲಿ.

ಇಲ್ಲಿ ಊಟಕ್ಕೆ ಗಂಟೆ ಹೊಡೆಯುತ್ತಾರೆ. ಪ್ರತಿ ಸಲ ನಾನು ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಈಗ ನನ್ನೊಬ್ಬನನ್ನು ಭುಜ ಮುಟ್ಟಿ ಕರೆಯುತ್ತಾರೆ.

ಅವನು ನನಗೆ ಹೇಳಿದ ಕಥೆ ಏನು ಅಂತ ನೀನು ಕೇಳಿಲ್ಲ. ಅವನಪ್ಪ ಕುಡಿದು ಕುಡಿದು ಚರಂಡಿ ಪಕ್ಕ ಸತ್ತ. ಅಂದು ಇವನಿಗೆ ಹನ್ನೊಂದು ವರ್ಷ. ಬಾಟಲಿ ಮುಟ್ಟುವುದಿಲ್ಲ ಅಂತ ಹೆಣದ ಮುಂದೆ ಆಣೆ ಮಾಡಿದ. ಆಮೇಲೆ ಲಾಂಡ್ರಿಗೆ ಬಂದ, ನಾನು ಸೂಪರ್‌ವೈಸರ್. ಗೇಟಿನಾಚೆಯ ಸಾರಾಯಿ ಅಂಗಡಿಗೆ ನಾನು ಹೋದರೆ ಮರ್ಯಾದೆ ಹೋಗುತ್ತದೆ, ಅವನು ಹೋದರೆ ಯಾರೂ ತಲೆಯೆತ್ತಿ ನೋಡಲ್ಲ, ಆಚೆಯವರು ಕುಡಿಯುತ್ತಾರೆ ಅಂತ ಎಲ್ಲರಿಗೂ ಮೊದಲೇ ಗೊತ್ತು. ‘ಏ ಮಸಿ, ಹೋಗ್ಬಾ’ ಅನ್ನುತ್ತಿದ್ದೆ. ಬಾಯ್ಲರಿನ ಮಸಿ ಅಂತ ಅಂದುಕೊಂಡಿದ್ದೆ. ಅವನಿಗಿಂತ ಮೊದಲು ಅಲ್ಲಿದ್ದ ನಮ್ಮವನನ್ನು ಯಾರೂ ಹಾಗೆ ಕರೆದಿರಲಿಲ್ಲ. ನಾಲ್ಕು ವರ್ಷ ಅವನು ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ, ಸತ್ತ ಇಲಿ ಹಿಡಿದ ಹಾಗೆ ಮೈಯಿಂದ ದೂರ ಹಿಡಿದು ತಂದುಕೊಟ್ಟ.

ಬಾಯ್ಲರ್ ಒಡೆದ ಹೊತ್ತಲ್ಲೂ ಅಲ್ಲೇ ಹೋಗಿದ್ದ. ನಾನೇ ಕಳಿಸಿದ್ದು.

ಇದನ್ನು ನಾನು ಆ ವೇದಿಕೆ ಮೇಲೆ ‘ನಾನು’ ಅಂತ ಹೇಳಬೇಕಿತ್ತು. ಜ್ವರ ಬಂತು.

ಅಣ್ಣ


ಏಪ್ರಿಲ್ 8

ಅಣ್ಣ,

ನಿನ್ನೆ ಹಳಿ ದಾಟಿ ಅವರ ಮನೆಗೆ ಹೋಗಿದ್ದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಹೋದೆ. ಬಾಗಿಲು ತೆಗೆದವರು ಅವರ ಹೆಂಡತಿ.

“ರೆಕಾರ್ಡ್ ಮಾಡೋ ಮಿಷನ್ ತಂದಿದ್ದೀಯಾ?” ಎಂದರು.

“ಇಲ್ಲ.”

“ಮತ್ತೆ ಯಾಕ್ ಬಂದೆ? ನಿಮ್ ಕಡೆಯೋರ್ದು ಇನ್ನೊಂದು ಕಥೆ ಇದ್ರೆ ಕೊಟ್ಟೋಗು, ನಮ್ಮೋರು ಹೇಳ್ತಾರೆ. ಬಾಯಿ ಬಿಟ್ಟಿ ಬಿದ್ದಿದೆ.”

ಒಳಗಿನಿಂದ “ಒಳಗೆ ಕರಿಯೇ” ಎಂಬ ದನಿ ಬಂತು. ಒಂದೇ ಕೋಣೆ. ಕಿಟಕಿಯ ಒಂದು ಗಾಜಿನ ಜಾಗದಲ್ಲಿ ಇವತ್ತಿಗೂ ರಟ್ಟು ಇದೆ. ಬಿಚ್ಚಿದ ಸ್ಟೌವ್‌ಗಳ ನಡುವೆ ಅವರು ಕೂತಿದ್ದರು, ತಂತಿಯಿಂದ ಬರ್ನರಿನ ತೂತುಗಳನ್ನು ಒಂದೊಂದಾಗಿ ಕೊರೆಯುತ್ತ. ಕ್ಷಮೆ ಕೇಳುವ ಬದಲು ನಾನೂ ಒಂದು ಬರ್ನರ್ ಎತ್ತಿಕೊಂಡು ಕೂತೆ.

ಅವರೇ ಮಾತಾಡಿದರು. ಮಡಿಸುವ ಅಕ್ಕ ಹೋದ ವಾರ ಅಲ್ಲಿಗೆ ಬಂದಿದ್ದಳಂತೆ. ಅವರ ಎರಡೂ ಕೈ ಹಿಡಿದುಕೊಂಡು, ಎಲ್ಲರೆದುರು ನಿಂತು ತಪ್ಪು ಒಪ್ಪಿಕೊಂಡೆಯಲ್ಲ, ನನ್ನ ಮನಸ್ಸಿನ ಉರಿ ಆರಿತು, ನಿನ್ನನ್ನು ಕ್ಷಮಿಸಿದ್ದೇನೆ ಎಂದು ಅತ್ತಳಂತೆ. “ನೀವೇನಂದ್ರಿ?” ಎಂದೆ. “ಸುಟ್ಟ ಕೈ ಅದು. ಆ ಕೈ ಬಿಡಿಸ್ಕೊಂಡು ಏನನ್ಲಿ?”

ನಿನಗೆ ಗೊತ್ತೇ, ನಮ್ಮ ಬೀದಿಯ ಬೇಕರಿಯಲ್ಲಿ ಈಗ ಆಚೆಯವರಿಗೂ ಬ್ರೆಡ್ ಕೊಡುತ್ತಾರೆ. ಎರಡೂ ಕಡೆಯ ಮಕ್ಕಳು ಒಂದೇ ಮೈದಾನದಲ್ಲಿ ಆಡುತ್ತಾರೆ. ಪಾಪ, ಒಪ್ಪಿಕೊಂಡನಲ್ಲ ಎನ್ನುತ್ತಾರೆ ಎಲ್ಲರೂ. ಮಾಡದ ತಪ್ಪನ್ನು ಒಬ್ಬನ ತಲೆಗೆ ಕಟ್ಟಿ, ಅವನನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಿ, ಊರು ಒಂದಾಗಿದೆ. ನಿಜ ಹೇಳಿಬಿಡೋಣ ಎಂದು ಮೇಡಂ ಹತ್ತಿರ ಹೋದರೆ ಅವರು ಬಾಗಿಲು ಮುಂದೆ ಮಾಡಿದರು. “ಈಗ ತಾನೇ ಗಾಯ ಮಾಯ್ತಾ ಇದೆ ಕಣೇ. ಕೆರೀಬೇಡ. ನಿಯಮಾನೂ ಇದೆ.”

ನೀನು ಹೇಳುವುದು ಬಿಡುವುದು ನಿನಗೇ ಬಿಟ್ಟದ್ದು ಎಂದರು ಬಾಯ್ಲರಿನವರು. ನಾನು ಹಾಗೆನ್ನುವುದಿಲ್ಲ. ಬರೆ.

ತಂಗಿ


ಏಪ್ರಿಲ್ 27

ಇಲಿಮರಿ,

ನಾಲ್ಕು ಪುಟ ಇದರ ಜೊತೆ ಇಟ್ಟಿದ್ದೇನೆ. ಸಹಿ ಇದೆ, ಸಾಕ್ಷಿಗೆ ವಾರ್ಡನ್ನನ ಸಹಿಯೂ ಇದೆ. ಅವನು ಓದಿ ಕಣ್ಣು ಒರೆಸಿಕೊಂಡ. ಕತ್ತರಿ ಹಾಕದೆ ಹಾಗೇ ಕೊಡು.

ಅಣ್ಣ


ಜೂನ್ 3

ಇಲಿಮರಿ,

ನಿನ್ನಿಂದ ಕಾಗದ ಬಂದು ಎರಡು ತಿಂಗಳಾಯಿತು. ಸಿಟ್ಟು ಇನ್ನೂ ಯಾಕೆ? ನಾನು ಬರೆದುಕೊಟ್ಟೆನಲ್ಲ. ಲಾಂಡ್ರಿಯ ದೊಡ್ಡವರು ಬಂದಿದ್ದರು, ಕೆಲಸ ಹೋಯಿತು ಅಂದುಕೊಂಡೆ. ‘ಇಷ್ಟು ಧೈರ್ಯವಾಗಿ ಒಪ್ಪಿಕೊಂಡೋರನ್ನ ಬಿಡಲ್ಲ ರೀ, ಕಾಯಿಲೆ ಅದು, ನಿಮ್ಮ ತಪ್ಪಲ್ಲ’ ಅಂದರು. ಜುಲೈನಿಂದ ಸ್ಟೋರಿಗೆ ಬರಲು ಹೇಳಿದ್ದಾರೆ. ನನಗೇ ನಾಚಿಕೆಯಾಯಿತು. ಅವನಿಗೂ ಚೀಟಿ ಸಿಕ್ಕಿರಬೇಕಲ್ಲ?

ಅಣ್ಣ


ಜೂನ್ 11

ಅಣ್ಣ,

ಸಿಗಲಿಲ್ಲ.

ನಿನ್ನ ನಾಲ್ಕು ಪುಟ ನನ್ನ ಕೈಗೆ ಬಂದದ್ದು ಕೊನೆಯ ದಿನ, ಏಪ್ರಿಲ್ 30ರಂದು. ಬಸ್ಸಿನಲ್ಲಿ ಓದಿದೆ. ಅಪ್ಪನ ಸಾವು ಒಂದು ಪುಟ. ನಿನ್ನ ಮೊದಲ ಗುಟುಕು, ಒಂದು ಪುಟ. ಗಂಟೆ, ಮಫ್ಲರ್, ಆಮೇಲೆ ನಿನ್ನ ಕನಸುಗಳು. ಚೆನ್ನಾಗಿ ಬರೆದಿದ್ದೀಯ, ನಾನು ಓದಿದ ಎಷ್ಟೋ ಪುಸ್ತಕಗಳಿಗಿಂತ ಚೆನ್ನಾಗಿ. ಮೂರನೆಯ ಪುಟದಲ್ಲಿ ಒಂದು ಸಾಲು: “ಆ ಹೊತ್ತಿಗೆ ಬಾಯ್ಲರಿನವರು ಜಾಗದಲ್ಲಿರಲಿಲ್ಲ.” ಅಷ್ಟೇ. ಎಲ್ಲಿ ಹೋಗಿದ್ದರು, ಯಾರು ಕಳಿಸಿದರು, ಇಲ್ಲ.

ಅದನ್ನು ನಾನು ನೋಡಿದೆ. ಕಚೇರಿ ಮುಚ್ಚಲು ಇಪ್ಪತ್ತು ನಿಮಿಷವಿತ್ತು. ಕೊಟ್ಟೆ.

ಅಧಿಕಾರಿ ಆ ನಾಲ್ಕು ಪುಟದಲ್ಲಿ ಹಿಡಿದುಕೊಂಡದ್ದು ಆ ಸಾಲನ್ನೇ. ಗಂಟೆಯ ಬಾಯಿ ಮುಚ್ಚಿದ್ದು ಸೂಪರ್‌ವೈಸರ್ ಎಂದು ಒಪ್ಪಿದ್ದಾರೆ. ಆದರೆ ಬಾಯ್ಲರನ್ನು ಬಿಟ್ಟು ಹೋದದ್ದು ಬಾಯ್ಲರಿನವರ ತಪ್ಪು. ಸೂಪರ್‌ವೈಸರರೇ ಹಾಗೆ ಬರೆದಿದ್ದಾರೆ. ಆ ಹೊತ್ತಿನಲ್ಲಿ ಈತ ಸಾರಾಯಿ ಅಂಗಡಿಯಲ್ಲಿದ್ದನೆಂದು ಅಂಗಡಿಯವನು ಎರಡು ವರ್ಷದ ಹಿಂದೆಯೇ ಹೇಳಿದ್ದಾನೆ. ಅರ್ಜಿ ವಜಾ. ನಿನ್ನದು ಕಾಯಿಲೆ, ಅವರದು ಬೇಜವಾಬ್ದಾರಿ. ತೀರ್ಪಿನಲ್ಲಿ ಈ ಎರಡು ಪದಗಳು ಅಕ್ಕಪಕ್ಕದ ಸಾಲಿನಲ್ಲಿವೆ.

ಇನ್ನೊಂದು ವಿಷಯ. ಅಂದು ವೇದಿಕೆಯಲ್ಲಿ ಬಾಯ್ಲರಿನವರು “ಬಾಟ್ಲಿ ತರೋಕೆ ಒಬ್ಬನನ್ನ ಕಳ್ಸಿದ್ದೆ” ಎಂದಿದ್ದರು. ನೀನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದ್ದರು. ಅಲ್ಲಿ ಕಥೆಯ ಓಟ ನಿಲ್ಲುತ್ತದೆಂದು ನಾನು ಅದನ್ನು ಕತ್ತರಿಸಿದೆ. ನಾನು ಚಂದಕ್ಕೆ ಬಿಟ್ಟೆ, ನೀನು ನಾಚಿಕೆಗೆ ಬಿಟ್ಟೆ. ಅವರಿಗೆ ಬೇಕಾಗಿದ್ದದ್ದು ಅದೊಂದೇ ಸಾಲು.

ಜುಲೈ ಕೊನೆಯವರೆಗೆ ಮೇಲ್ಮನವಿಗೆ ಸಮಯವಿದೆ. ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. “ಬಾಯ್ಲರ್ ಒಡೆದ ಹೊತ್ತಿನಲ್ಲಿ ಬಾಯ್ಲರಿನವರು ಜಾಗದಲ್ಲಿರಲಿಲ್ಲ, ಏಕೆಂದರೆ ನನಗೆ ಸಾರಾಯಿ ತರಲು ಸೂಪರ್‌ವೈಸರನಾದ ನಾನೇ ಅವರನ್ನು ಕಳಿಸಿದ್ದೆ, ನಾಲ್ಕು ವರ್ಷದಿಂದಲೂ ಕಳಿಸುತ್ತಿದ್ದೆ.” ಕೆಳಗೆ ನಿನ್ನ ಸಹಿಗೆ ಜಾಗ. ಅಪ್ಪನ ಬಗ್ಗೆ ಬರೆಯಲು ಜಾಗ ಬಿಟ್ಟಿಲ್ಲ.

ಇದನ್ನು ಕೊಟ್ಟರೆ ಸ್ಟೋರಿನ ಕೆಲಸ ಇರುವುದಿಲ್ಲ. ಕುಡಿತಕ್ಕೆ ಕಾಯಿಲೆ ಎಂಬ ಹೆಸರಿದೆ, ಇದಕ್ಕೆ ಇಲ್ಲ. ಅತ್ತಿಗೆಗೆ ನಾನೇ ಹೇಳಿದ್ದೇನೆ, ಎಲ್ಲವನ್ನೂ. ಅವರು ಕುಕ್ಕರಿನ ಕೆಳಗಿನ ಉರಿ ಆರಿಸಿ ಒಳಗೆ ಹೋದರು.

ತಂಗಿ


ಜುಲೈ 19

ಇಲಿಮರಿ,

ಸಹಿ ಹಾಕಿದ್ದೇನೆ. ಐದು ವಾರ ಹಾಳೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ, ಸ್ಟೋರಿನ ಕೆಲಸಕ್ಕೂ ಹೋಗಲಿಲ್ಲ. ಅಕ್ಷರ ಸೊಟ್ಟಗಾಗಿದೆ. ಕುಡಿತ ಬಿಟ್ಟದ್ದಕ್ಕೆ ಹಾಗಾಗುತ್ತದೆ ಅಂದ ವಾರ್ಡನ್. ಅವನಿಗೆ ಅದೊಂದೇ ಗೊತ್ತು.

ಅತ್ತಿಗೆ ಮಗಳನ್ನು ಕರೆದುಕೊಂಡು ಅವಳ ಅಕ್ಕನ ಮನೆಗೆ ಹೋದಳಂತೆ. ನೀನು ಹೇಳಿದ್ದಕ್ಕೆ ಸಿಟ್ಟಿಲ್ಲ. ಸ್ವಲ್ಪ ಇದೆ.

ಅವನಿಗೆ ಒಂದು ಕಾಗದ ಬರೆಯಬೇಕು ಅನ್ನಿಸುತ್ತದೆ. ಏನು ಬರೆದರೂ ಕಥೆಯಾಗುತ್ತದೆ. ಅಂದು ಸಭಾಂಗಣದಲ್ಲಿ ನಾನು ಹೇಳಬೇಕಿದ್ದ ಅವನ ಕಥೆಯನ್ನು ಈಗ ಹೇಳಲೇ ಅಂತ ಅವನನ್ನು ನೀನೇ ಕೇಳಿ ನೋಡು.

ಅಣ್ಣ


ಆಗಸ್ಟ್ 30

ಸೂಪರ್‌ವೈಸರ್ ಸಾಹೇಬರಿಗೆ,

ನಿಮ್ಮ ತಂಗಿ ಬಂದು ಕೇಳಿದರು. ಕಾಗದ ಬರೆದು ನನಗೆ ರೂಢಿಯಿಲ್ಲ, ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ. ಅವಳು ಅಲ್ಲಲ್ಲಿ ನನ್ನನ್ನು ನೋಡುತ್ತಾಳೆ, ಇದನ್ನೂ ಬರೆಯಲೇ ಎಂದು. ಎಲ್ಲ ಬರೆ ಎಂದಿದ್ದೇನೆ.

ಮೊನ್ನೆ ಚೀಟಿ ವಾಪಸು ಬಂತು. ಪಕ್ಕದ ಊರಿನ ಆಸ್ಪತ್ರೆಯ ಬಾಯ್ಲರಿಗೆ ಸೋಮವಾರದಿಂದ ಹೋಗುತ್ತೇನೆ. ನಿಮ್ಮ ಸಹಿಯಿಂದ ಆಯಿತು. ಹಾಗೆಂದು ಬರೆಯಲು ಮಗಳಿಗೆ ಇಷ್ಟವಿಲ್ಲ, ಆದರೆ ಇದ್ದದ್ದು ಇದ್ದ ಹಾಗೆ.

ನನ್ನ ಕಥೆಯನ್ನು ನೀವು ಸಭೆಯಲ್ಲಿ ಹೇಳುವುದು ಬೇಡ. ನಿಮ್ಮ ಬಾಯಲ್ಲಿ ಅದು ಚೆನ್ನಾಗಿ ಬರುತ್ತದೆ, ಜನ ಅಳುತ್ತಾರೆ, ಅದು ನನಗೆ ಗೊತ್ತು. ಆ ಕೋಣೆಯಲ್ಲಿ ನಿಮಗೆ ಹೇಳಿದ್ದೇ ಹೆಚ್ಚಾಯಿತು.

ಊರಿನ ವಿಷಯ ನಿಮಗೆ ತಿಳಿದಿರಲಿಕ್ಕಿಲ್ಲ. ನಿಜ ಹೊರಗೆ ಬಂದ ಮೇಲೆ ಬೇಕರಿಯಲ್ಲಿ ಬ್ರೆಡ್ ಮುಗಿಯಿತು ಎನ್ನುತ್ತಾರೆ, ಕಪಾಟು ತುಂಬಿದ್ದರೂ. ಮೈದಾನಕ್ಕೆ ನಮ್ಮ ಮಕ್ಕಳು ಹೋಗುವುದಿಲ್ಲ. ನಾನು ತಪ್ಪು ಮಾಡಿದವನಾಗಿದ್ದಾಗ ನಿಮ್ಮ ಬೀದಿಯವರು ನಗುತ್ತ ಮಾತಾಡಿಸುತ್ತಿದ್ದರು. ಈಗ ನನ್ನನ್ನು ಕಂಡರೆ ತಲೆ ತಗ್ಗಿಸಿ ಆಚೆ ಪಕ್ಕಕ್ಕೆ ಹೋಗುತ್ತಾರೆ.

ಬಟ್ಟೆ ಮಡಿಸುವ ಹೆಣ್ಣುಮಗಳು ಮತ್ತೆ ಬಂದಿದ್ದಳು. ಈ ಸಲ ಕೈ ಹಿಡಿಯಲಿಲ್ಲ, ಹೊಸ್ತಿಲ ಹೊರಗೇ ನಿಂತಳು. “ನೀನಲ್ಲ ಅಂತ ಅವತ್ತೇ ಯಾಕ್ ಹೇಳ್ಲಿಲ್ಲ? ನನ್ ಕೈಲಿ ಯಾಕ್ ಕ್ಷಮಿಸ್ಕೊಂಡೆ? ಎರಡು ವರ್ಷ ಒದ್ದಾಡಿ ಒಂದೇ ಸಲ ಬಂದಿದ್ದ ಮನಸ್ಸದು,” ಎಂದಳು. ನಾನು ಮಣೆ ಹಾಕಿದೆ, ಕೂರಲಿಲ್ಲ. “ಅದನ್ನ ವಾಪಸ್ ಕೊಡು,” ಎಂದಳು. ಅದು ನನಗೆ ಸೇರಿದ್ದಲ್ಲ ತಾಯಿ, ತಗೊಂಡು ಹೋಗು ಎಂದೆ. ಹೋದಳು.

ಆ ಕ್ಷಮೆ ಈಗ ಅವಳ ಹತ್ತಿರ ಇದೆ. ಇನ್ನೊಮ್ಮೆ ಕೊಡುತ್ತಾಳೋ ಇಲ್ಲವೋ, ನನಗೆ ತಿಳಿಯದು. ನೀವು ಸೆಂಟರಿನಿಂದ ಹೊರಗೆ ಬಂದ ದಿನ ಹೋಗಿ ಕೇಳಿ. ಅವಳ ಮನೆ ನಿಮ್ಮ ಬೀದಿಯಲ್ಲೇ, ನಿಮ್ಮ ಮನೆಯಿಂದ ಏಳನೆಯದು. ಹಳಿ ದಾಟಬೇಕಾಗಿಲ್ಲ.

ಬಾಯ್ಲರಿನವನು